ಟೇಬಲಿನ ಮೇಲಿನ ಗಂಧ

"ಯಂತ್ರದ ಟೇಬಲಿಗೆ ಗಂಧ ಹಚ್ಚಿದ್ದು ನೀವೇ ಅಲ್ವಾ? ಅಳತೆ ತಪ್ಪದೆ ಇನ್ನೆಂತ?" ಎಂದ ಯಂತ್ರ ಮಾರಲು ಬಂದಿದ್ದ ಕಂಪೆನಿಯ ವಿಖ್ಯಾತ್, ಮಾಲೆ ಹಾಕಿದ್ದ ಐದು ಅಕ್ಷದ ಪುಟ್ಟ ಯಂತ್ರಕ್ಕೆ ಒರಗಿಕೊಂಡು. ಟ್ರಯಲ್‌ಗೆಂದು ಅದು ಕೊರೆದುಕೊಟ್ಟ ಉಕ್ಕಿನ ಪ್ಲೇಟು ತೃಪ್ತಿಯ ಕೈಯಲ್ಲಿತ್ತು. ಯಾರದೋ ಮುರಿದ ತೊಡೆಮೂಳೆಗೆ ಕೂರಬೇಕಾದಂಥದ್ದು. ತೂತು ಕೂದಲೆಳೆಯಷ್ಟು ಓರೆ.

ಮುಳ್ಳೇರಿಯದ ಆ ವರ್ಕ್‌ಶಾಪಿನ ಯಜಮಾನ, ಅವಳ ಮಾವ ಪ್ರೇಮನಾಥರ ಮುಖ ಸಣ್ಣದಾಯಿತು. "ನನ್ನಿಂದಲೇ ಹಾಳಾಯ್ತಾ ತೃಪ್ತೀ?" ಎಂದರು. ಟ್ರಯಲ್‌ಗೆ ಮೊದಲೇ ಪೂಜೆ ಆಗಲಿ ಎಂದು ಹಠ ಹಿಡಿದವನು, ಗಂಧ, ಮಾಲೆ ತಂದವನು ವಿಖ್ಯಾತನೇ ಎಂಬುದು ಅವರಿಗೆ ಮರೆತೇಹೋಗಿತ್ತು. ತೃಪ್ತಿಗೆ ಮರೆತಿರಲಿಲ್ಲ.

ಅವಳು ಟೇಬಲನ್ನು ಹೊಳೆಯುವಂತೆ ಉಜ್ಜಿ ಒರೆಸಿದಳು. ಇನ್ನೊಂದು ತುಂಡು ಕೂರಿಸಿ ಯಂತ್ರದ ಬಾಗಿಲು ಹಾಕಿದಳು. ಯಂತ್ರ ನಿಂತ ಮೇಲೆ ಹೊಸ ಪ್ಲೇಟನ್ನು ಅಳೆದು, ಗೇಜನ್ನು ಮಾವನ ಕಡೆಗೆ ತಿರುಗಿಸಿದಳು. ಅದೇ ಓರೆ.

"ಗಂಧ ಅಷ್ಟು ಬೇಗ ಹೋಗುದಿಲ್ಲ ಸಾರ್..." ಎಂದು ವಿಖ್ಯಾತ್ ಮತ್ತೆ ಶುರುಮಾಡಿದ. ಪ್ರೇಮನಾಥರು ಅವನನ್ನೇ ನೋಡಿದರು. ಆಮೇಲೆ ಯಂತ್ರದ ಮೇಲಿನ ಮಾಲೆಯನ್ನು, ಎಂಜಲೆಲೆ ಎತ್ತುವ ಹಾಗೆ ಎರಡೇ ಬೆರಳಲ್ಲಿ ಎತ್ತಿ, ಅವನ ಕೈಗೆ ಹಾಕಿದರು.

"ಯಂತ್ರದ ಒಟ್ಟಿಗೆ ಇದನ್ನೂ ಲಾರಿಗೆ ಹಾಕಿ."