ಹೆಸರಿಲ್ಲದ ಆರು ಹಾಳೆ

ಕಚೇರಿಯೆಲ್ಲ ಗೌರವದಿಂದ 'ಬೇ' ಎನ್ನುವ ಬಹ್ಗತ್, ಬೆಂದ ಕಾಳಿನ ಫೂಲ್ ತಟ್ಟೆಯನ್ನು ಶಹೀರಾಳತ್ತ ಸರಿಸಿದರು. ಅವಳು ವಾಪಸು ತಳ್ಳಿದಳು. ಅಲೆಕ್ಸಾಂಡ್ರಿಯಾದ ಆ ನೀರು ಸರಬರಾಜು ಕಚೇರಿಯಲ್ಲಿ ಹದಿನೈದು ವರ್ಷದಿಂದ ದಿನಾ ಬೆಳಿಗ್ಗೆ ಇಬ್ಬರೂ ಒಂದೇ ತಟ್ಟೆಯಲ್ಲಿ ರೊಟ್ಟಿ ಅದ್ದಿದವರು.

"ಏನ್ ಮಗಳೇ, ಇವತ್ತು ಉಪವಾಸಾನಾ?"

"ಉಪ್ಪು ತಿಂದು ದ್ರೋಹ ಮಾಡೋರ ಸಹವಾಸಕ್ಕಿಂತ ಉಪವಾಸಾನೇ ವಾಸಿ, ಬೇ."

ಮುಖ್ಯ ಎಂಜಿನಿಯರ್ ಹುದ್ದೆ ನಿನ್ನೆ ಅವಳ ಕೈತಪ್ಪಿತ್ತು. ಒಂದೇ ಒಂದು ಸೊನ್ನೆಯಿಂದ.

ಆಯ್ಕೆಯ ವಿಧಾನವೇನೋ ಅವಳದೇ. ಕಚೇರಿಯವರಿಗೆಲ್ಲ ಪೂರ್ವಗ್ರಹ ಬಿಡಿಸುವ ತರಬೇತಿ ಕೊಡುತ್ತಿದ್ದವಳೂ ಅವಳೇ. ಒಂಬತ್ತು ಗ್ರಹ ಸೇರಿದರೂ ಈ ಒಂದು ಗ್ರಹದಷ್ಟು ಕಾಡಲಾರವು ನೋಡಿ. ಹುದ್ದೆಗೆ ಶಹೀರಾ, ಬಹ್ಗತ್ ಸೇರಿ ಆರು ವಿಭಾಗದ ಮುಖ್ಯಸ್ಥರ ಪೈಪೋಟಿ. ಪ್ರತಿಯೊಬ್ಬರ ಬಗ್ಗೆ ಅವರ ಕೈಕೆಳಗಿನವರು ನಾಲ್ಕು ಮಾತು ಬರೆದರು. ಹೆಸರು, ವಿಭಾಗ, ಗಂಡೋ ಹೆಣ್ಣೋ ಎಂಬುದೆಲ್ಲ ಅಳಿಸಿ, ಆರೂ ಹಾಳೆಗಳನ್ನು ಅದೇ ಆರು ಜನರಿಗೆ ಅಂಕ ಹಾಕಲು ಕೊಟ್ಟರು. ಒಂದು ಸೊನ್ನೆ ಬಿದ್ದರೆ ಆಸಾಮಿ ಹೊರಗೆ.

ಸೊನ್ನೆ ಯಾರದೆಂದು ಶಹೀರಾಳಿಗೆ ಅನುಮಾನವೇ ಇರಲಿಲ್ಲ. ಹೆಂಗಸರು ಕಾಲಿಟ್ಟರೆ ಪಂಪಿನ ನೀರಿಗೂ ನಾಚಿಕೆ ಎಂದು ಸಭೆ ನಗಿಸುವವರು ಇನ್ನಾರಿದ್ದಾರೆ? ಬಹ್ಗತರನ್ನು ಅರ್ಧ ರೊಟ್ಟಿಯ ಸಮೇತ ನಿರ್ದೇಶಕಿ ದೌಲತ್ ಅವರ ಕೋಣೆಗೆ ಎಬ್ಬಿಸಿಕೊಂಡು ಹೋದಳು. ತನ್ನ ಹಾಳೆಗೆ ಬಿದ್ದ ಅಂಕಗಳನ್ನು ಇವರೆದುರೇ ತೋರಿಸಿ ಎಂದು ಹಠ ಹಿಡಿದಳು.

ದೌಲತ್ ಬೇಡವೆಂದರು. ಎರಡು ಸಲ. ಬಳಿಕ ಕಪಾಟು ತೆರೆದರು.

ಬಹ್ಗತ್ ಕೊಟ್ಟಿದ್ದು ಹತ್ತಕ್ಕೆ ಹತ್ತು.

"ಎಲ್ರ ಮಾತೂ ಕೇಳಿ ಆಮೇಲೆ ತೀರ್ಮಾನ ಮಾಡ್ತಾರೆ, ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತಾರೆ ಅಂತ ಬರ್ದಿದ್ರು," ಎಂದರು ಮುದುಕರು, ರೊಟ್ಟಿ ಅಗಿಯುತ್ತ. "ಇಂಥೋರ ಕೈಕೆಳಗೆ ನಾನೂ ಇರ್ಬಹುದು ಅನ್ನಿಸ್ತು. ನೀನು ಅಂತ ಗೊತ್ತಿದ್ರೆ ಒಂದಂಕ ಕಡಿಮೆ ಮಾಡ್ತಿದ್ದೆ."

ಉಳಿದ ನಾಲ್ವರದೂ ಎಂಟರ ಮೇಲೆಯೇ. ದೌಲತ್ ಆರನೆಯ ಅಂಕದ ಚೀಟಿಯನ್ನು ಮೇಜಿನ ಮೇಲೆ ನಿಧಾನವಾಗಿ ಅವಳತ್ತ ತಿರುಗಿಸಿದರು. ದುಂಡನೆಯ ಸೊನ್ನೆ. ಪಕ್ಕದಲ್ಲಿ ಷರಾ: 'ಎಲ್ಲರನ್ನೂ ಕೇಳಿ ಕೂರುವ ಮೆತ್ತನೆಯ ಆಸಾಮಿ. ನಾಯಕತ್ವವಿಲ್ಲ. ಯಾರೋ ಹೆಂಗಸಿರಬೇಕು.'

ಕೈಬರಹ ಶಹೀರಾಳದು.