ಮನೆ ಮಾಲೀಕನ ಹೆಸರು

“ಆ ಮನಿ ಮಾಲಕನ ಹೆಸರ ಬೇಕ ನನಗ.”

ದುಂಡಪ್ಪ ಟೀಪಾಯಿಯ ಮೇಲೆ ಕೈ ಬಡಿದ. ಚಹಾ ಕಪ್ಪಿನಿಂದ ಬಸಿಗೆ ಚೆಲ್ಲಿತು. ಎದುರಿಗೆ ಕೂತಿದ್ದ ಮಗಳು ಪೂರ್ಣಿಮಾ ಓದುವುದನ್ನು ನಿಲ್ಲಿಸಿ, ಇನ್ನೂ ಒಂದು ಹಾಳೆ ಇದೆ, ಪೂರ್ತಿ ಕೇಳಬೇಕು ಎಂದಳು.

ಪೂರ್ಣಿಮಾ ಬೆಳಗಾವಿಯ ಒಂದು ವಿಶ್ವವಿದ್ಯಾಲಯದ ಪ್ರಕಟಣಾ ವಿಭಾಗದಲ್ಲಿ ಕೆಲಸಕ್ಕಿದ್ದಳು. ಹುಟ್ಟಿದ ದೇಶ ಬಿಟ್ಟು ಓದಲು ಹೋದ ವಿದ್ಯಾರ್ಥಿಗಳಿಂದ ಅವರವರ ಅನುಭವ ಬರೆಸಿ ವಿಭಾಗ ಒಂದು ಪುಸ್ತಕ ತರುತ್ತಿತ್ತು. ಇಂಗ್ಲಿಷಿನಲ್ಲಿ ಬಂದದ್ದನ್ನು ಕನ್ನಡಕ್ಕೆ ತರುವುದು ಅವಳ ಪಾಲಿನ ಕೆಲಸ. ಒಂದು ತಿಂಗಳಿಂದ ಅಪ್ಪನ ಜೊತೆ ನೆಟ್ಟಗೆ ಮಾತಾಡದವಳು ಈ ಭಾನುವಾರ ತಾನಾಗಿಯೇ ಬಂದು ಕೂತು, ಒಂದು ಬರಹ ಓದಿ ಹೇಳುತ್ತೇನೆ ಎಂದಿದ್ದಳು. ಬಂದ ವರನನ್ನು ಒಲ್ಲೆ ಅಂದದ್ದಕ್ಕೆ ತಾನು ಬೈದಿದ್ದನ್ನು ಮಗಳು ಅಂತೂ ಮರೆತಳು ಎಂದು ದುಂಡಪ್ಪ ಹಿಗ್ಗಿದ್ದ. ಆ ಹಿಗ್ಗು ಅರ್ಧ ಹಾಳೆಯವರೆಗೂ ಬಾಳಲಿಲ್ಲ.

ಅವನ ಮಗ ರೋಹನ ಎಂ.ಎಸ್. ಓದಲು ಐರ್ಲೆಂಡಿಗೆ ಹೋಗಿ ಎಂಟು ತಿಂಗಳಾಗಿತ್ತು. ಹೆತ್ತವರಿಗೆ ಹೆಗ್ಗಣವೂ ಮುದ್ದು; ರೋಹನನೋ ಓದಿನಲ್ಲಿ ಮೊದಲಿಗ. ಖಾನಾಪುರದಲ್ಲಿದ್ದ ತನ್ನ ಬೀಜ-ಗೊಬ್ಬರದ ಅಂಗಡಿಗೆ ಬೀಡಿ ಊರಿನಿಂದ ಯಾರಾದರೂ ಯೂರಿಯಾ ಕೇಳಿಕೊಂಡು ಬಂದರೆ, ದುಂಡಪ್ಪ ಮೊದಲು ಮಗನ ಸುದ್ದಿ ಹೇಳಿ ಆಮೇಲೆ ಚೀಲ ಎತ್ತಿಸುತ್ತಿದ್ದ. ಮಗ ಮಾತ್ರ ಫೋನಿನಲ್ಲಿ ‘ಎಲ್ಲಾ ಚಲೋ ಐತಿ’ ಅನ್ನುವುದನ್ನು ಬಿಟ್ಟು ಬೇರೆ ಹೇಳಿದವನಲ್ಲ. ಹದಿನೈದು ದಿನದಿಂದ ಅವನ ಮುಖ ಸೊರಗಿದಂತೆ ಕಾಣುತ್ತಿತ್ತು. ಅದು ಯಾಕೆಂದು ದುಂಡಪ್ಪನಿಗೆ ಈಗ ಹೊಳೆಯಿತು.

ಬರಹ ಮಳೆಯಿಂದ ಶುರುವಾಗಿತ್ತು. ತಿಂಗಳುಗಟ್ಟಲೆ ಬಿಡದ ಮಳೆ, ಒಣಗದ ಬಟ್ಟೆ. ಬಸ್ಸು ತುಂಬಿದರೂ ಪಕ್ಕದಲ್ಲಿ ಖಾಲಿಯೇ ಉಳಿಯುವ ಸೀಟು. ಮೈಬಣ್ಣ ನೋಡಿ ಫೋಟೋ ತೆಗೆಯಲು ಮೊಬೈಲು ಎತ್ತುವವರು, ತಿಳಿಯದ ಭಾಷೆಯಲ್ಲಿ ಎದುರಿಗೇ ಏನೋ ಅಂದು ನಗುವವರು. ಅಲ್ಲಿಯವರೆಗೆ ದುಂಡಪ್ಪ ಹಲ್ಲು ಕಚ್ಚಿ ಕೇಳಿದ್ದ. ಆಮೇಲೆ ಮಾಲೀಕನ ಸುದ್ದಿ ಬಂತು. ಕಾಲೇಜಿಗೆ ಹೋಗುವಾಗ ಕೋಣೆಯ ಕೀಲಿಯನ್ನು ಆತನ ಕೈಗೆ ಕೊಡಲು ಹೋದರೆ, ಮೆಟ್ಟಿಲ ಮೇಲೆ ಇಡು ಅನ್ನುತ್ತಿದ್ದನಂತೆ.

“ಕೈಯಾಗ ಇಸ್ಕೊಂಡ್ರ ಆ ಮಗನ ಕೈ ಸವೀತಿತ್ತೇನ?”

ಪೂರ್ಣಿಮಾ ಮುಂದೆ ಓದಿದಳು. ಊರು ನೆನಪಾಗಿ ಅವ್ವ ಮಾಡುತ್ತಿದ್ದ ಅಡಿಗೆಯನ್ನು ಮಾಡಿದ ದಿನ ಮಾಲೀಕ ಮೂಗು ಮುಚ್ಚಿಕೊಂಡು ಬಂದು, ಇಂಥ ವಾಸನೆ ನಮ್ಮ ಮನೆಯಲ್ಲಿ ನಡೆಯುವುದಿಲ್ಲ ಎಂದನಂತೆ. ಚಂದ್ರವ್ವ ಮಗನಿಗೆ ಕಟ್ಟಿ ಕಳಿಸಿದ್ದ ಬೆಳ್ಳುಳ್ಳಿ ಚಟ್ನಿ, ಗುರೆಳ್ಳು ಹಿಂಡಿ ದುಂಡಪ್ಪನ ಕಣ್ಣ ಮುಂದೆ ಬಂದವು. ಹೆಂಡತಿ ತನ್ನ ಕೈಯಾರೆ ಕುಟ್ಟಿದ ಹಿಂಡಿಗೆ ಮೂಗು ಮುಚ್ಚಿಕೊಳ್ಳುವ ಆ ದೊಡ್ಡ ಮನುಷ್ಯ ತಾನೇನು ಗಾಳಿ ತಿಂದು ಬದುಕುತ್ತಾನೋ?

ಚಂದ್ರವ್ವ ತಿಂಗಳ ಹಿಂದೆ ಖಾಲಿಯಾದ ಮಾಳಿಗೆಯ ಕೋಣೆಗೆ ಎರಡನೇ ಸಲ ಬಣ್ಣ ಹಚ್ಚಿಸುತ್ತಿದ್ದಳು. ಗಂಡನ ಕೂಗಾಟಕ್ಕೆ ಇಳಿದು ಬಂದು ಬಾಗಿಲಲ್ಲಿ ನಿಂತಳು. ಪೂರ್ಣಿಮಾ ಒಮ್ಮೆ ಅವ್ವನನ್ನು, ಒಮ್ಮೆ ಅಪ್ಪನನ್ನು ನೋಡಿ ಕಡೆಯ ಸಾಲುಗಳನ್ನು ನಿಧಾನವಾಗಿ ಓದಿದಳು.

“ಮೂರು ದಿನ ಜ್ವರ. ಯಾರಿಗೂ ಹೇಳಲಿಲ್ಲ, ಹೇಳಲು ಯಾರಿದ್ದರು? ಮೂರನೇ ದಿನ ಬಾಗಿಲು ಬಡಿದ ಸದ್ದು. ಪಾಪ, ವಿಚಾರಿಸಲು ಬಂದರು ಅಂದುಕೊಂಡು ಗೋಡೆ ಹಿಡಿದು ಎದ್ದೆ. ತಿಂಗಳು ಮುಗಿಯುವುದರೊಳಗೆ ಖಾಲಿ ಮಾಡು ಅಂದರು. ಆ ಸಂಜೆ ಅವ್ವನಿಗೆ ಫೋನ್ ಮಾಡಿ, ಇಲ್ಲಿ ಎಲ್ಲ ಚೆನ್ನಾಗಿದೆ ಎಂದೆ.”

ಚಂದ್ರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ದುಂಡಪ್ಪನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. ರೋಹನನಿಗೆ ಫೋನ್ ಹಚ್ಚಿದ. ಅಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ, ಯಾರೂ ಎತ್ತಲಿಲ್ಲ. ಮಗನನ್ನು ನಾಳೆಯೇ ವಾಪಸು ಕರೆಸುತ್ತೇನೆ, ಓದೂ ಬೇಡ, ಏನೂ ಬೇಡ ಎಂದು ಕೂಗಾಡಿದ. ಇದು ರೋಹನ ಬರೆದದ್ದೇ ಹೌದೋ ಅಲ್ಲವೋ ಹೇಳು ಎಂದು ಮಗಳ ಮೇಲೆ ಹರಿಹಾಯ್ದ.

“ಬರದವರ ಹೆಸರ ತಗದಾರ್ರಿ ಅಪ್ಪಾ. ಯಾರದರೆ ಮನಿ ಕೂಸು ಅಂತೂ ಹೌದು.”

ಪುಸ್ತಕದಲ್ಲಿ ಮಾಲೀಕನ ಹೆಸರು ಬರಲೇಬೇಕು ಎಂದು ದುಂಡಪ್ಪ ಹಟ ಹಿಡಿದ. ಇನ್ನೊಬ್ಬರ ಮಕ್ಕಳು ಆ ಮನೆಯ ಮೆಟ್ಟಿಲು ಹತ್ತಬಾರದು. ಜಗಳ ಯಾಕೆಂದು ವಿಭಾಗದವರು ಆ ಹೆಸರನ್ನೂ ಬಿಟ್ಟಿದ್ದಾರೆ, ಆದರೆ ಮನೆಯ ಹಿರಿಯರು ಒಪ್ಪಿ ಸಹಿ ಮಾಡಿದರೆ ಇಬ್ಬರ ಹೆಸರೂ ಅಚ್ಚಾಗುತ್ತವೆ ಎಂದಳು ಪೂರ್ಣಿಮಾ. ಒಪ್ಪಿಗೆಯ ಕಾಗದವನ್ನು ಅವಳು ಸಂಗಡವೇ ತಂದಿದ್ದಳು. ದುಂಡಪ್ಪ ಓದಲೂ ಇಲ್ಲ. ಕಾಗದ ಹರಿಯುವ ಹಾಗೆ ಒತ್ತಿ ಸಹಿ ಹಾಕಿದ.

“ಆಮ್ಯಾಲ ಬ್ಯಾಡ ಅನ್ನಬಾರದ್ರಿ ಮತ್ತ.”

“ಅಂದ್ರ ನಾ ನಮ್ಮಪ್ಪನ ಮಗನ ಅಲ್ಲ. ಮನಿಗೆ ಬಂದ ಪರದೇಶಿ ಕೂಸಿಗೆ ಹಿಂಗ ಮಾಡಿದಾಂವನ ಮಾರಿ ನಾಕ ಮಂದಿಗೆ ಕಾಣ್ಲಿ. ನಮ್ಮ ಕಡೆ ಹಿಂಗ ಮಾಡಿದ್ರ ಬಸವಣ್ಣ ಮೆಚ್ತಾನೇನ?”

ಪೂರ್ಣಿಮಾ ಪೆನ್ನು ತೆಗೆದು ಬರಹದ ಕೆಳಗೆ ಬರೆಯತೊಡಗಿದಳು. ತಿಂಗಳಿಡೀ ನುಂಗಿಕೊಂಡ ಸಿಟ್ಟೆಲ್ಲ ಪೆನ್ನಿನ ಮೊನೆಗೆ ಬಂದಿತ್ತು. ಬರೆದು ಮುಗಿಸಿ ಹಾಳೆಯನ್ನು ಅಪ್ಪನ ಕಡೆ ತಿರುಗಿಸಿದಳು.

‘ಬರೆದವರು: ನೀಮಾ, ಟಾಂಜಾನಿಯಾದಿಂದ ಬೆಳಗಾವಿಗೆ ಓದಲು ಬಂದ ವಿದ್ಯಾರ್ಥಿನಿ. ಮನೆ ಮಾಲೀಕರು: ದುಂಡಪ್ಪ, ಸದಾಶಿವನಗರ.’