ಕೊನೆಯ ಕಂತು

ಸೊಗಡವರೆಯ ವಾಸನೆ ಮೂಗಿಗೆ ಬಡಿದರೆ ಈಗಲೂ ಹೊಳೆನರಸೀಪುರದ ನಮ್ಮ ಹಜಾರದ ಆ ಮಧ್ಯಾಹ್ನವೇ ಕಣ್ಣೆದುರು ಬರುತ್ತದೆ.

ವಾರಪತ್ರಿಕೆಗಳಿಂದ ಧಾರಾವಾಹಿ ಕಿತ್ತು, ದಬ್ಬಳದಲ್ಲಿ ಹೊಲಿದು ಕಾದಂಬರಿ ಮಾಡಿಟ್ಟುಕೊಳ್ಳುವುದು ದೊಡ್ಡಮ್ಮನ ಗೀಳು. ಅವನ್ನೆಲ್ಲ ಇಡುತ್ತಿದ್ದ ಟ್ರಂಕಿನ ಬೀಗದ ಕೈ ಅವಳ ಸೊಂಟದಲ್ಲೇ ಇರುತ್ತಿತ್ತು. ಕ್ರಿಸ್‌ಮಸ್ ರಜೆಯಲ್ಲಿ, ಹೊಸದಾಗಿ ಮದುವೆಯಾಗಿ ಬಂದಿದ್ದ ಚಿಕ್ಕಮ್ಮ, "ಪ್ರೇಮದ ಗೋಳು ಬ್ಯಾಡ ಅಕ್ಕ, ಓದಿದ್ರೆ ಖುಷಿಯಾಗೋದು ಕೊಡಿ" ಎಂದು ಕೇಳಿದಳು. ದೊಡ್ಡಮ್ಮ ತಾನೇ ಒಂದನ್ನು ಆರಿಸಿ ಕೊಟ್ಟಳು. ಗಂಡನ ಮನೆ ಬಿಟ್ಟು ಊರೂರು ಸುತ್ತಲು ಹೊರಟವಳ ಕತೆ. ಚಿಕ್ಕಮ್ಮ ಒಲೆ ಮುಂದೆಯೂ ಓದಿದಳು, ಅನ್ನ ಸೀದರೂ ಓದಿದಳು. ನೋಡಿದರೆ ಕೊನೆಯ ಕಂತೇ ಇರಲಿಲ್ಲ.

"ಎತ್ತಿಟ್ಟಿವ್ನಿ ಕಣಮ್ಮಿ. ಈ ಅವರೆಕಾಳೆಲ್ಲ ಇದುಕಿ ಮುಗ್ಸು, ಕೊಡ್ತೀನಿ" ಎಂದಳು ದೊಡ್ಡಮ್ಮ.

ನೆನೆಸಿದ ಕಾಳನ್ನು ಚಿಕ್ಕಮ್ಮ ಒಂದೊಂದಾಗಿ ಹಿದುಕಿದಳು. ಬೇಳೆ ಪಾತ್ರೆಗೆ, ಸಿಪ್ಪೆ ದೊಡ್ಡಮ್ಮ ಹಾಸಿಕೊಟ್ಟ ಕಾಗದದ ಮೇಲೆ. ಬೆರಳ ತುದಿ ಬಿಳಿಚಿಕೊಂಡಿತು, ಉಗುರಿನ ಸಂದಿ ಕೆಂಪಾಯಿತು. ಬಿಸಿಲು ಹಜಾರ ದಾಟುವ ಹೊತ್ತಿಗೆ ಪಾತ್ರೆ ತುಂಬಿತು.

"ಮುಗೀತು ಅಕ್ಕ, ಕೊಡಿ."

"ಆಗಿಂದ ನಿನ್ ಮುಂದೇನೇ ಐತಲ್ಲೇ" ಎಂದು ದೊಡ್ಡಮ್ಮ ಸಿಪ್ಪೆಯ ರಾಶಿ ತೋರಿಸಿದಳು.

ಸಿಪ್ಪೆ ಸರಿಸಿದರೆ ಕೆಳಗೆ ಲೋಳೆಯಲ್ಲಿ ನೆಂದು ಮುದ್ದೆಯಾದ ಹಾಳೆಗಳು. ಬಿಡಿಸಹೋದ ಚಿಕ್ಕಮ್ಮನ ಬೆರಳಿಗೆ ಕಾಗದದ ಚೂರುಗಳಷ್ಟೇ ಅಂಟಿಬಂದವು. ಮನೆಯವರೆಲ್ಲ ನಕ್ಕರು.

"ಕೊನೆಗೆ ಅವಳು ಏನಾದ್ಲು ಅಕ್ಕ? ಅದ್ನಾದ್ರೂ ಹೇಳಿ."

"ಏನಾಯ್ತಾಳೆ? ವಾಪಸ್ ಬಂದು ಒಲೆ ಹಚ್ಚಿದ್ಲು" ಎಂದಳು ದೊಡ್ಡಮ್ಮ. "ನೀನೂ ಏಳು, ಸಾರಿಗೆ ಒತ್ತಾಯ್ತು."